ಪಕ್ಕದ ಮನೆ ಮೇಲೇಳುವ ಮುನ್ನ

ತುಮಕೂರಿನ ಅಶೋಕನಗರ, ಎಸ್‌ಐಟಿ ಬಡಾವಣೆ, ಸಪ್ತಗಿರಿ ಬಡಾವಣೆ, ಕ್ಯಾತ್ಸಂದ್ರದ ಕಡೆ ಯಾವ ಅಡ್ಡರಸ್ತೆಗೆ ಹೊಕ್ಕರೂ ಒಂದಾದರೂ ತಾರಸಿಯ ಮೇಲೆ ಪಿಲ್ಲರ್ ಕಂಬಿ ಎದ್ದು ನಿಂತಿರುತ್ತದೆ. ನೆಲಮಹಡಿ ಕಟ್ಟುವಾಗಲೇ ‘ಮುಂದಕ್ಕೆ ಬೇಕಾಗುತ್ತೆ’ ಎಂದು ಬಿಟ್ಟ ಕಂಬಿ ಅದು. ಈಗ ಮಗನ ಮದುವೆ ಬಂತು, ಕಾಲೇಜು ಹುಡುಗರಿಗೆ ರೂಮು ಬಾಡಿಗೆಗೆ ಕೊಡುವ ಯೋಚನೆ ಬಂತು, ಹಿಂದಿನ ಖಾಲಿ ಜಾಗದಲ್ಲಿ ಒಂದು ಪೋರ್ಷನ್ ಎಳೆಯುವ ಲೆಕ್ಕಾಚಾರ ಬಂತು. ಕಟ್ಟುವವರಿಗೆ ಇದು ಸಂಭ್ರಮ. ಪಕ್ಕದ ಮನೆಯವರಿಗೆ ಮಾತ್ರ ಗೋಡೆ ಬಿರುಕು ಬಿಡುತ್ತದೆಯೇ, ಬಿಸಿಲು ಹೋಗುತ್ತದೆಯೇ, ಮಳೆನೀರು ನಮ್ಮ ಕಡೆಗೆ ಬೀಳುತ್ತದೆಯೇ ಎಂಬ ಚಿಂತೆ ಶುರುವಾಗುತ್ತದೆ. ಆ ಚಿಂತೆಗೆ ಕಾರಣವಿದೆ. ಅದನ್ನು ಸುಮ್ಮನೆ ನುಂಗಿಕೊಳ್ಳಬೇಕಾಗಿಲ್ಲ, ಜಗಳಕ್ಕೆ ಇಳಿಯಬೇಕಾಗಿಯೂ ಇಲ್ಲ.

ಇಂಥ ಸಂದರ್ಭದಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಇದನ್ನ ತಡೀಬಹುದಾ?’ ಪರವಾನಗಿ ಪಡೆದು, ಸೆಟ್‌ಬ್ಯಾಕ್ (ಗಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಜಾಗ) ಬಿಟ್ಟು, ತಮ್ಮ ಜಾಗದಲ್ಲಿ ಕಟ್ಟುವವರನ್ನು ತಡೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಹೇಗೆ ಕಟ್ಟುತ್ತಾರೆ, ಎಲ್ಲಿ ಅಗೆಯುತ್ತಾರೆ, ಕಿಟಕಿ ಎಲ್ಲಿ ಬರುತ್ತದೆ, ನೀರು ಎತ್ತ ಹರಿಯುತ್ತದೆ ಎಂಬುದರಲ್ಲಿ ಪಕ್ಕದವರ ಮಾತು ನಡೆಯುತ್ತದೆ. ಅದು ನಡೆಯುವುದು ಪಾಯದ ಗುಂಡಿ ತೋಡುವವರೆಗೆ ಮಾತ್ರ. ಕಾಂಕ್ರೀಟ್ ಬಿದ್ದ ಮೇಲೆ ನ್ಯಾಯ ನಿಮ್ಮ ಕಡೆಗಿದ್ದರೂ ಒಡೆಸುವುದು ಬಲು ಕಷ್ಟ. ಆದ್ದರಿಂದ ಮಾಡಬೇಕಾದ್ದರಲ್ಲಿ ಮುಕ್ಕಾಲು ಭಾಗ ಕೆಲಸ ಶುರುವಾಗುವ ಮುಂಚೆಯೇ ಮುಗಿಯಬೇಕು.

ಮೊದಲು ಹೋಗಿ ಮಾತಾಡಿ. ಪಾಲಿಕೆಗೆ ಅರ್ಜಿ ಹಾಕಿ ಆಮೇಲೆ ಮಾತಿಗೆ ಹೋದರೆ ಅವರು ಆಗಲೇ ಮುಖ ತಿರುಗಿಸಿಕೊಂಡಿರುತ್ತಾರೆ. ‘ಅಣ್ಣಾ, ಮೇಲೆ ಕಟ್ಟಿಸ್ತೀರಂತೆ, ಒಳ್ಳೇದಾಯ್ತು. ಪ್ಲಾನು ಒಂದ್ಸಲ ತೋರಿಸ್ತೀರಾ? ನಮ್ಮ ಗೋಡೆ ಪಕ್ಕ ಏನೇನು ಬರುತ್ತೆ ನೋಡ್ಕೊಂಡ್ರೆ ಇಬ್ಬರಿಗೂ ನಿರಾಳ’ ಎಂದರೆ ಬಹುತೇಕರು ತೋರಿಸುತ್ತಾರೆ. ಸಂಜೆ ಹೊತ್ತು, ಅವರ ಮನೆಯ ಹಿರಿಯರು ಇರುವಾಗ ಹೋಗುವುದು ಒಳ್ಳೆಯದು. ಮೇಸ್ತ್ರಿಯ ಹತ್ತಿರ ನೇರವಾಗಿ ಮಾತಾಡಲು ಹೋಗಬೇಡಿ. ಅವನು ಒಪ್ಪಿಕೊಂಡದ್ದು ಯಜಮಾನರನ್ನು ಕಟ್ಟಿಹಾಕುವುದಿಲ್ಲ, ಯಜಮಾನರಿಗೆ ಅದು ಅವಮಾನವೂ ಆಗುತ್ತದೆ.

ಪ್ಲಾನು ಸಿಕ್ಕರೆ ಮೊದಲು ನೋಡಬೇಕಾದ್ದು ಅದರ ಮೇಲಿನ ಸೀಲು. ಎಂಜಿನಿಯರ್ ಬರೆದುಕೊಟ್ಟ ಡ್ರಾಯಿಂಗ್ ಬೇರೆ, ಮಂಜೂರಾದ ನಕ್ಷೆ ಬೇರೆ. ತುಮಕೂರು ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ 299ನೇ ಕಲಂ ಪ್ರಕಾರ ಕಟ್ಟಡಕ್ಕೆ ಪರವಾನಗಿ ಬೇಕು. ನಗರಸಭೆ, ಪುರಸಭೆ ಇರುವ ಊರುಗಳಿಗೆ ಪೌರಸಭೆಗಳ ಕಾಯ್ದೆ 1964 ಅನ್ವಯಿಸುತ್ತದೆ. ಊರ ಹೊರಗಿನ ಗ್ರಾಮ ಪಂಚಾಯಿತಿ ಜಾಗಕ್ಕೆ ಪಂಚಾಯತ್ ರಾಜ್ ಕಾಯ್ದೆ 1993ರ 64ನೇ ಕಲಂ ಇದೆ. ಹಳೇ ಮನೆಯ ಮೇಲೆ ಒಂದು ಮಹಡಿ ಏರಿಸುವುದಕ್ಕೂ ಹಿಂಭಾಗಕ್ಕೆ ಎರಡು ರೂಮು ಸೇರಿಸುವುದಕ್ಕೂ ಪರವಾನಗಿ ಬೇಕೇ ಬೇಕು. ‘ನೆಲಮಹಡಿಗೆ ಆಗ ತಗೊಂಡಿದ್ದೀವಲ್ಲ’ ಎಂಬ ಮಾತು ಇಲ್ಲಿ ನಡೆಯದು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಕೊಟ್ಟ ತೀರ್ಪಿನಲ್ಲಿ, ಮಂಜೂರಾದ ನಕ್ಷೆಯ ಪ್ರತಿಯನ್ನು ಕೆಲಸ ಮುಗಿಯುವವರೆಗೂ ಸ್ಥಳದಲ್ಲೇ ಪ್ರದರ್ಶಿಸಬೇಕು ಎಂದು ಹೇಳಿದೆ. ಹಾಗಾಗಿ ನಕ್ಷೆ ತೋರಿಸಿ ಎಂದು ಕೇಳುವುದರಲ್ಲಿ ಅಧಿಕಪ್ರಸಂಗ ಏನೂ ಇಲ್ಲ.

ನಕ್ಷೆಯಲ್ಲಿ ಅಳತೆ ಮೀಟರ್‌ನಲ್ಲಿರುತ್ತದೆ, ಮೇಸ್ತ್ರಿಯ ಟೇಪು ಅಡಿಯಲ್ಲಿ ಓಡುತ್ತದೆ. 1 ಮೀಟರ್ ಎಂದರೆ 3 ಅಡಿ 3 ಇಂಚಿಗೆ ಸ್ವಲ್ಪ ಹೆಚ್ಚು. ನಕ್ಷೆಯಲ್ಲಿ 1 ಮೀಟರ್ ಸೆಟ್‌ಬ್ಯಾಕ್ ಇದ್ದು, ಸ್ಥಳದಲ್ಲಿ ‘ಮೂರಡಿ ಬಿಟ್ಟಿದ್ದೀವಿ ಸಾರ್’ ಎಂದರೆ ಅಲ್ಲೇ ಮೂರು ಇಂಚು ಹೋಯಿತು. ಆ ಮೂರಡಿಯನ್ನೂ ಬ್ಲಾಕಿನ ಮೈಯಿಂದ ಅಳೆದಿದ್ದರೆ ಹೊರಗಿನ ಪ್ಲಾಸ್ಟರಿಂಗ್ ಇನ್ನೂ ಮುಕ್ಕಾಲು ಇಂಚು ತಿನ್ನುತ್ತದೆ. ಸೆಟ್‌ಬ್ಯಾಕ್ ಎಷ್ಟು ಎಂಬುದು ಸೈಟಿನ ಅಳತೆ, ರಸ್ತೆಯ ಅಗಲ, ಕಟ್ಟಡದ ಎತ್ತರ ನೋಡಿ ನಿಗದಿಯಾಗುತ್ತದೆ. ಬೆಂಗಳೂರಿನ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿ ವಾದ ಮಾಡಬೇಡಿ. ನಿಮ್ಮ ಊರಿನ ಮಾಸ್ಟರ್ ಪ್ಲಾನಿನ ವಲಯ ನಿಯಮಾವಳಿಯೇ ಇಲ್ಲಿ ಲೆಕ್ಕ, ಮತ್ತು ಮಂಜೂರಾದ ನಕ್ಷೆಯಲ್ಲಿ ಬರೆದ ಅಂಕಿಯೇ ಕೊನೆಯ ಮಾತು.

ಇಷ್ಟೆಲ್ಲ ಅಳೆಯುವುದು ಯಾವ ಗೆರೆಯಿಂದ? ಜಗಳಗಳು ಹುಟ್ಟುವುದು ಇಲ್ಲೇ. ಕಾಂಪೌಂಡ್ ಗೋಡೆ ಗಡಿಯಲ್ಲೇ ಇದೆ ಎಂದು ಇಬ್ಬರೂ ನಂಬಿರುತ್ತಾರೆ, ಎಷ್ಟೋ ಕಡೆ ಅದು ಯಾರೋ ಒಬ್ಬರ ಕಡೆಗೆ ಅರ್ಧ ಅಡಿ ವಾಲಿರುತ್ತದೆ. ಕ್ರಯಪತ್ರದ ಚೆಕ್ಕುಬಂದಿ, ಇ-ಖಾತೆಯ ಅಳತೆ, ಬಡಾವಣೆಯ ನಕ್ಷೆ ಮೂರನ್ನೂ ಎದುರಿಗಿಟ್ಟುಕೊಂಡು ಟೇಪು ಹಿಡಿಯಬೇಕು. 30x40 ಸೈಟಾದರೆ ಒಂದು ಸುಲಭದ ಪರೀಕ್ಷೆ ಇದೆ. ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಹಿಡಿದರೆ ಎರಡೂ ಕಡೆ ಸರಿಯಾಗಿ 50 ಅಡಿ ಬರಬೇಕು. ಒಂದು 50 ಅಡಿ 4 ಇಂಚು, ಇನ್ನೊಂದು 49 ಅಡಿ 8 ಇಂಚು ಬಂದರೆ ನಾಲ್ಕೂ ಬದಿಯ ಅಳತೆ ಸರಿಯಿದ್ದರೂ ಸೈಟು ಓರೆಯಾಗಿದೆ ಎಂದರ್ಥ, ಹಿಂದಿನ ಮೂಲೆಗಳು ಆರೇಳು ಇಂಚು ಒಂದು ಪಕ್ಕಕ್ಕೆ ಜರುಗಿರುತ್ತವೆ. ಹಾಗಿದ್ದಾಗ ಇಬ್ಬರೂ ಸೇರಿ ಖರ್ಚು ಹಂಚಿಕೊಂಡು ಒಬ್ಬ ಸರ್ವೇಯರನ್ನು ಕರೆಸಿ, ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಇಟ್ಟು ನಾಲ್ಕು ಮೂಲೆ ಗುರುತಿಸಿ ಕಲ್ಲು ನೆಡಿಸಿಬಿಡುವುದು ವಾಸಿ. ಮುಂದೆ ಇಬ್ಬರಲ್ಲಿ ಯಾರು ಮನೆ ಮಾರಿದರೂ, ಬ್ಯಾಂಕಿಗೆ ಇಟ್ಟರೂ ಆ ಕಲ್ಲು ಉಪಯೋಗಕ್ಕೆ ಬರುತ್ತದೆ.

ಇನ್ನು ನೆಲದೊಳಗಿನ ವಿಷಯ. ಪಕ್ಕದ ಮನೆಯವರು ಸರಿಯಾಗಿ ನೋಡದೇ ಬಿಡುವುದು ಇದನ್ನೇ, ಯಾಕೆಂದರೆ ನಾಲ್ಕೇ ದಿನದಲ್ಲಿ ಮಣ್ಣು ಮುಚ್ಚಿ ಎಲ್ಲ ಮರೆಯಾಗುತ್ತದೆ. ಹಿಂಭಾಗಕ್ಕೆ ಹೊಸ ರೂಮು ಬರುವಾಗ ಗಡಿಗೆ ಅಂಟಿಕೊಂಡು 9 ಇಂಚಿನ ಪಿಲ್ಲರ್ ನಿಲ್ಲಿಸುತ್ತಾರೆ ಎಂದಿಟ್ಟುಕೊಳ್ಳಿ. ಅದರ ಕೆಳಗೆ ಭಾರ ಹರಡಲು 4 ಅಡಿ ಚೌಕದ ಕಾಂಕ್ರೀಟ್ ತಳ, ಎಂದರೆ ಫುಟಿಂಗ್. ಪಿಲ್ಲರ್ ಮಧ್ಯಕ್ಕೆ ಬರುವಂತೆ ಫುಟಿಂಗ್ ಹಾಕಿದರೆ ಅದರ ಅಂಚು ಪಿಲ್ಲರಿನಿಂದ ಹತ್ತೊಂಬತ್ತೂವರೆ ಇಂಚು ಆಚೆಗೆ, ಎಂದರೆ ನಿಮ್ಮ ನೆಲದೊಳಕ್ಕೆ ಒಂದೂವರೆ ಅಡಿಗೂ ಹೆಚ್ಚು ಚಾಚುತ್ತದೆ. ಮೇಲೆ ನೋಡಿದರೆ ಗೋಡೆ ಅವರ ಜಾಗದಲ್ಲೇ ಇದೆ. ಕೆಳಗೆ ಅವರ ಮನೆಯ ಭಾರ ನಿಮ್ಮ ಸೈಟಿನಲ್ಲಿ ಕೂತಿದೆ. ನಾಳೆ ನೀವು ಅಲ್ಲಿ ಸಂಪು ತೋಡಲು ಹೋದಾಗ ಕಾಂಕ್ರೀಟ್ ಸಿಗುತ್ತದೆ, ಅದನ್ನು ಮುಟ್ಟುವಂತೆಯೂ ಇಲ್ಲ. ಇದಕ್ಕೆ ಪರಿಹಾರ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತು. ಪಿಲ್ಲರನ್ನೇ ಒಳಕ್ಕೆ ಜರುಗಿಸಿ ಗೋಡೆಯನ್ನು ಬೀಮಿನ ಮೇಲೆ ತರಬಹುದು, ಇಲ್ಲವೇ ಒಂದೇ ಕಡೆಗೆ ಚಾಚಿದ ಫುಟಿಂಗ್ ಹಾಕಿ ಒಳಗಿನ ಪಿಲ್ಲರಿನ ಫುಟಿಂಗ್‌ಗೆ ಸ್ಟ್ರಾಪ್ ಬೀಮಿನಿಂದ ಕಟ್ಟಬಹುದು. ಬರೀ ಒಂದು ಕಡೆಗೆ ಚಾಚಿ ಸ್ಟ್ರಾಪ್ ಕಟ್ಟದೆ ಬಿಟ್ಟರೆ ಫುಟಿಂಗ್ ಓರೆಯಾಗಿ ಕೂರುತ್ತದೆ, ಪಿಲ್ಲರ್ ವಾಲುತ್ತದೆ. ಇದರಲ್ಲಿ ಕಟ್ಟುವವರ ಹಿತವೂ ಇದೆ ಎಂದು ತಿಳಿಸಿ ಹೇಳಿದರೆ ಬಹಳ ಜನ ಒಪ್ಪುತ್ತಾರೆ.

ಅದಕ್ಕಿಂತ ಅಪಾಯದ್ದು ಆಳ. ಹಳೇ ಮನೆಗಳ ಸೈಜುಗಲ್ಲಿನ ಪಾಯ ಎರಡೂವರೆ, ಮೂರು ಅಡಿಗೆ ನಿಂತಿರುತ್ತದೆ. ಪಕ್ಕದಲ್ಲಿ ಹೊಸ ಪಿಲ್ಲರಿಗೆ ಐದು ಅಡಿ ತೋಡುತ್ತಾರೆ. ನಿಮ್ಮ ಪಾಯದ ತಳಕ್ಕಿಂತ ಕೆಳಗೆ ಹೋದ ಗುಂಡಿ, ಆ ಪಾಯ ಊರಿಕೊಂಡಿರುವ ಮಣ್ಣಿನ ಪಕ್ಕೆಯನ್ನೇ ಕಿತ್ತ ಹಾಗೆ. ಪಾಯದ ಬಗೆಗಿನ ಭಾರತೀಯ ಮಾನಕ ಐಎಸ್ 1904, ಅಕ್ಕಪಕ್ಕದ ಫುಟಿಂಗುಗಳ ಮಟ್ಟದಲ್ಲಿ ವ್ಯತ್ಯಾಸವಿದ್ದರೆ ಅವೆರಡರ ನಡುವಿನ ಇಳಿಜಾರು ಒಂದಡಿ ಆಳಕ್ಕೆ ಎರಡಡಿ ದೂರಕ್ಕಿಂತ ಕಡಿದಾಗಬಾರದು ಎನ್ನುತ್ತದೆ. ನಿಮ್ಮದಕ್ಕಿಂತ ಎರಡಡಿ ಕೆಳಗೆ ಹೋಗುವುದಾದರೆ ನಾಲ್ಕಡಿ ದೂರ ಇರಬೇಕು. 30x40 ಸೈಟಿನಲ್ಲಿ ಅಷ್ಟು ಜಾಗ ಎಲ್ಲಿ ಬರಬೇಕು? ಆಗ ಕೆಲಸದ ಕ್ರಮದಲ್ಲಿ ಎಚ್ಚರ ವಹಿಸಬೇಕು. ಗಡಿಯ ಸಾಲಿನ ಗುಂಡಿಗಳನ್ನು ಒಟ್ಟಿಗೇ ತೆಗೆಯದೆ ಒಂದು ಬಿಟ್ಟು ಒಂದು ತೆಗೆದು, ಅವಕ್ಕೆ ಕಾಂಕ್ರೀಟ್ ಹಾಕಿ ಮಣ್ಣು ತುಂಬಿ ದಮ್ಮಸು ಮಾಡಿದ ಮೇಲೆ ಉಳಿದವನ್ನು ತೋಡಬೇಕು. ತೋಡಿದ ದಿನವೇ ತಳಕ್ಕೆ ಬೆಡ್ ಕಾಂಕ್ರೀಟ್ ಬೀಳಬೇಕು. ನಿಮ್ಮ ಗೋಡೆಯ ಮಗ್ಗುಲಲ್ಲಿ ಜೆಸಿಬಿ ಬೇಡ, ಕೈಯಲ್ಲೇ ಅಗೆಯಲಿ. ಜೆಸಿಬಿಯ ಬಕೆಟ್ಟು ಒಮ್ಮೆ ಪಾಯದ ಕಲ್ಲಿಗೆ ತಾಗಿದರೆ ಸಾಕು, ಗಾರೆ ಸಡಿಲವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೋಡೆ ಕೆಡಿಸುವುದು ಗುಂಡಿಯಲ್ಲಿ ನಿಂತ ಮಳೆನೀರು. ನಮ್ಮ ಸೀಮೆಯಲ್ಲಿ ಇದಕ್ಕೆ ಪಂಚಾಂಗವೂ ಕಾರಣ. ಆಷಾಢದಲ್ಲಿ ಯಾರೂ ಗುದ್ದಲಿ ಪೂಜೆ ಮಾಡುವುದಿಲ್ಲ. ಶ್ರಾವಣಕ್ಕೆ ಪೂಜೆ ಮುಗಿಸಿ, ಕಂಬಿ-ಸಿಮೆಂಟು ಹೊಂದಿಸಿ ಪಾಯಕ್ಕೆ ಇಳಿಯುವ ಹೊತ್ತಿಗೆ ಉತ್ತರೆ, ಹಸ್ತ, ಚಿತ್ತೆ ಮಳೆ ಎದುರಿಗಿರುತ್ತದೆ. ತುಮಕೂರಿಗೆ ಜೋರು ಮಳೆ ಬರುವುದೇ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಕೆಂಪು ಮೊರಂ ಒಣಗಿದಾಗ ನೆಟ್ಟಗೆ ಕಡಿದ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಕುಸಿಯುತ್ತದೆ. ಕೆರೆ ಅಂಗಳದ ಕಡೆಯ ಜೇಡಿಮಣ್ಣಾದರೆ ಕೇಳುವುದೇ ಬೇಡ. ಪೂಜೆಯನ್ನು ಶ್ರಾವಣದಲ್ಲೇ ಮಾಡಲಿ, ಗಡಿಯ ಸಾಲಿನ ಗುಂಡಿಗಳನ್ನಾದರೂ ದೀಪಾವಳಿ ಕಳೆದ ಮೇಲೆ ತೋಡಲಿ ಎಂದು ಕೇಳಿಕೊಳ್ಳಬಹುದು. ಒಪ್ಪದಿದ್ದರೆ ಗುಂಡಿಯ ಸುತ್ತ ಒಂದಡಿ ಮಣ್ಣಿನ ಏರಿ, ಮೇಲೆ ಟಾರ್ಪಾಲು, ನೀರೆತ್ತಲು ಒಂದು ಮೋಟಾರು ಇಡುವಂತೆ ಹೇಳಿ. ಕೋಲಾರದ ಕಡೆ ಇನ್ನೊಂದು ವಿಷಯವಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೆರೆಗಳಿಗೆ ಬರುತ್ತಿರುವುದರಿಂದ ತುಂಬಿದ ಕೆರೆಯ ಹತ್ತಿರದ ತಗ್ಗು ಜಾಗಗಳಲ್ಲಿ ಬೇಸಿಗೆಯಲ್ಲೂ ಗುಂಡಿಗೆ ನೀರು ಬಸಿಯಬಹುದು. ಅಂಥಲ್ಲಿ ಪಾಯಕ್ಕೆ ಮೊದಲು ಒಂದು ಪರೀಕ್ಷೆ ಗುಂಡಿ ತೆಗೆದು ಎರಡು ದಿನ ಬಿಟ್ಟು ನೋಡುವುದು ಜಾಣತನ.

ಚಿಕ್ಕಪೇಟೆ, ಮಂಡಿಪೇಟೆಯಂಥ ಹಳೇ ಭಾಗದ ಮನೆಗಳ ಕಥೆಯೇ ಬೇರೆ. ಅಲ್ಲಿ ಎರಡು ಮನೆಗೆ ಒಂದೇ ಗೋಡೆ ಇರುತ್ತದೆ. ಒಂದೂವರೆ ಅಡಿ ದಪ್ಪದ ಮಣ್ಣಿನದೋ ಕಲ್ಲಿನದೋ ಗೋಡೆ, ಅದರ ಮೇಲೆ ಈ ಕಡೆಯಿಂದ ನಿಮ್ಮ ಕಲ್ಲುಚಪ್ಪಡಿ ಅಥವಾ ತೊಲೆಗಳ ತುದಿ, ಆ ಕಡೆಯಿಂದ ಅವರದು. ಚಪ್ಪಡಿ ಗೋಡೆಯ ಮೇಲೆ ಕೂತಿರುವುದು ನಾಲ್ಕೋ ಆರೋ ಇಂಚು ಅಷ್ಟೇ. ಪಕ್ಕದವರು ತಮ್ಮ ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಲು ಹೊರಟಾಗ ‘ಗೋಡೆಯಲ್ಲಿ ನಮ್ಮ ಅರ್ಧ ನಾವು ತಗೋತೀವಿ’ ಎನ್ನುವುದುಂಟು. ಮಣ್ಣಿನ ಗೋಡೆಯನ್ನು ಉದ್ದಕ್ಕೆ ಸೀಳಿದರೆ ಉಳಿದ ಒಂಬತ್ತು ಇಂಚು ತನ್ನ ಭಾರವನ್ನೇ ಹೊರಲಾರದು, ಚಪ್ಪಡಿಯನ್ನು ಹೊರುವ ಮಾತಂತೂ ದೂರ. ಆ ಕಡೆಯ ಚಪ್ಪಡಿ ಇಳಿಸಿದೊಡನೆ ಈ ಕಡೆಯ ಭಾರಕ್ಕೆ ಎದುರುಭಾರವೂ ಇಲ್ಲವಾಗುತ್ತದೆ. ಇಂಥಲ್ಲಿ ಕೆಡವುವ ಮೊದಲು ನಿಮ್ಮ ಮನೆಯೊಳಗೆ ಗೋಡೆಗೆ ಎರಡಡಿ ಈಚೆ ಉದ್ದಕ್ಕೂ ಒಂದು ಸಾಲು ಕಬ್ಬಿಣದ ಜಾಕಿ ಕೊಟ್ಟು, ಮೇಲೆ ಅಡ್ಡಪಟ್ಟಿ ಇಟ್ಟು ಚಪ್ಪಡಿಗಳನ್ನು ಹಿಡಿಸಬೇಕು. ಜಾಕಿಯ ಬುಡ ಗಟ್ಟಿ ನೆಲದ ಮೇಲೆ, ಹಲಗೆಯ ಮೇಲೆ ಇರಬೇಕು. ಹಳೇ ಗೋಡೆಯನ್ನು ಹಾಗೇ ಬಿಟ್ಟು ಅವರು ತಮ್ಮ ಕಡೆಗೆ ಪಿಲ್ಲರ್ ಎಬ್ಬಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಅವರಿಗೆ ಒಂಬತ್ತು ಇಂಚು ಜಾಗ ಕಳೆದಂತೆ ಅನಿಸುತ್ತದೆ ನಿಜ, ಪಕ್ಕದ ಮನೆಯವರ ತಲೆಯ ಮೇಲಿನ ಚಪ್ಪಡಿಗೆ ಹೋಲಿಸಿದರೆ ಅದು ದೊಡ್ಡದಲ್ಲ. ಜಂಟಿ ಗೋಡೆಯನ್ನು ಒಬ್ಬರೇ ನಿರ್ಧಾರ ಮಾಡಿ ಕೆಡವುವಂತಿಲ್ಲ, ಅದರ ಮೇಲೆ ಹೊಸ ಭಾರ ಏರಿಸುವಂತೆಯೂ ಇಲ್ಲ. ಎರಡಕ್ಕೂ ಇನ್ನೊಬ್ಬರ ಒಪ್ಪಿಗೆ ಬೇಕು.

ಹೊಸ ಬಡಾವಣೆಗಳಲ್ಲಿ ಸೆಟ್‌ಬ್ಯಾಕ್ ಬಿಡದೆ ಎರಡು ಗೋಡೆ ತಾಗಿಸಿ ಕಟ್ಟಿದ ಕಡೆ ಮಳೆಗಾಲದ ತೇವ ದೊಡ್ಡ ಕಾಟ. ನಿಮ್ಮ ಗೋಡೆಗೂ ಅವರ ಗೋಡೆಗೂ ನಡುವೆ ಎರಡು ಇಂಚು ಸಂದಿ ಉಳಿಯುತ್ತದೆ. ಕರಣೆ ಆಡಿಸಲು ಜಾಗವಿಲ್ಲದ್ದರಿಂದ ಹೊಸ ಗೋಡೆಯ ಆ ಮೈಗೆ ಪ್ಲಾಸ್ಟರಿಂಗ್ ಆಗುವುದಿಲ್ಲ. ಬ್ಲಾಕ್ ಚೂರು, ಗಾರೆ, ಸಿಮೆಂಟ್ ಚೀಲ ಎಲ್ಲ ಆ ಸಂದಿಗೆ ಬೀಳುತ್ತದೆ. ಮೇಲಿಂದ ಇಳಿದ ಮಳೆನೀರು ಆ ಕಸದ ಮೇಲೆ ನಿಂತು ಎರಡೂ ಮನೆಯ ಒಳಗೋಡೆಗೆ ಬಸಿಯುತ್ತದೆ, ಎಷ್ಟು ಸಲ ಪೇಂಟ್ ಮಾಡಿಸಿದರೂ ಉಬ್ಬಿ ಉದುರುತ್ತದೆ. ಕಟ್ಟುತ್ತಿರುವಾಗಲೇ ಸಂದಿಯ ಬಾಯಿಗೆ ಹಲಗೆ ಮುಚ್ಚಿಸಿ, ಗೋಡೆ ಎದ್ದಂತೆ ಮೇಲಕ್ಕೆ ಜರುಗಿಸುತ್ತ ಹೋಗಬೇಕು. ಕೊನೆಗೆ ಸಂದಿಯ ತಲೆಗೆ ಜಿಐ ತಗಡಿನ ಅಥವಾ ಅಲ್ಯೂಮಿನಿಯಂ ಪಟ್ಟಿ ಹೊದಿಸಬೇಕು. ಪಟ್ಟಿಯ ಒಂದು ಅಂಚನ್ನು ಎತ್ತರದ ಗೋಡೆಯಲ್ಲಿ ಅರ್ಧ ಇಂಚು ಗಾಡಿ (ಉದ್ದನೆಯ ಗೀರು) ಹೊಡೆದು ಒಳಸೇರಿಸಿ ಸೀಲೆಂಟ್ ತುಂಬಬೇಕು. ಇನ್ನೊಂದು ಅಂಚು ತಗ್ಗಿನ ಗೋಡೆಯ ಮೇಲೆ ಇಳಿಬಿದ್ದಿರಲಿ, ಬಿಗಿಯಬಾರದು. ಎರಡು ಕಟ್ಟಡ ಬೇರೆ ಬೇರೆಯಾಗಿ ಕೂರುತ್ತವೆ, ಬಿಸಿಲಿಗೆ ಬೇರೆ ಬೇರೆಯಾಗಿ ಹಿಗ್ಗುತ್ತವೆ. ಎರಡಕ್ಕೂ ಸೇರಿಸಿ ಸಿಮೆಂಟ್ ಮೆತ್ತಿದರೆ ಮೊದಲ ಬೇಸಿಗೆಯಲ್ಲೇ ಗೆರೆ ಬಿಟ್ಟು ನೀರಿಗೆ ದಾರಿಯಾಗುತ್ತದೆ. ಸಂದಿ ಎರಡಡಿಗಿಂತ ಅಗಲವಿದ್ದರೆ ಹೊರಗಿನ ಪ್ಲಾಸ್ಟರಿಂಗ್ ಆಗಲೇಬೇಕು. ಅದಕ್ಕೆ ಅವರ ಸಾರುವೆ ನಿಮ್ಮ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಅದನ್ನು ಬೇಡ ಎನ್ನಬೇಡಿ. ಅವರ ಹೊರಗೋಡೆ ಚೆನ್ನಾಗಿ ಒಣಗಿರುವುದು ನಿಮಗೂ ಬೇಕು. ಎಷ್ಟು ದಿನ, ಯಾವ ಹೊತ್ತು, ಸಂಪಿನ ಮುಚ್ಚಳಕ್ಕೂ ಗಿಡಗಳಿಗೂ ಏನು ಹೊದಿಸುತ್ತಾರೆ ಎಂದು ಕೇಳಿ ಒಪ್ಪಿಕೊಳ್ಳಿ.

ಬಿಸಿಲಿನ ಮಾತು ಬಂದಾಗ ಮನಸ್ಸಿಗೆ ಬಂದಂತೆ ಹೇಳದೆ ಲೆಕ್ಕ ಹಾಕಿ ಹೇಳಿ. ತುಮಕೂರು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಡುಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಅವನ ಎತ್ತರ 53 ಡಿಗ್ರಿಯಷ್ಟು. ಆಗ ಗೋಡೆಯ ನೆರಳು ಉತ್ತರಕ್ಕೆ ಬೀಳುವುದು ಎತ್ತರದ ಮುಕ್ಕಾಲು ಪಾಲು. ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಅದೇ ನೆರಳು ಉತ್ತರದ ಕಡೆಗೆ ಹೆಚ್ಚುಕಡಿಮೆ ಗೋಡೆಯ ಎತ್ತರದಷ್ಟೇ ಚಾಚುತ್ತದೆ. ನಿಮ್ಮ ಮನೆಯ ದಕ್ಷಿಣಕ್ಕಿರುವವರು ಹತ್ತಡಿಯ ಮಹಡಿ, ಮೂರಡಿ ಪ್ಯಾರಾಪೆಟ್ ಎಬ್ಬಿಸಿದರೆ ನಿಮ್ಮ ತಾರಸಿಯ ಮಟ್ಟದಿಂದ ಹದಿಮೂರು ಅಡಿ ಗೋಡೆ. ಎರಡು ಮನೆಗಳ ನಡುವೆ ಆರಡಿ ಬಿಟ್ಟಿದ್ದರೆ ಚಳಿಗಾಲದ ಬೆಳಗಿನ ನೆರಳು ನಿಮ್ಮ ತಾರಸಿಯಲ್ಲಿ ಏಳಡಿ, ಮಧ್ಯಾಹ್ನದ್ದು ನಾಲ್ಕಡಿ ಒಳಕ್ಕೆ ಬರುತ್ತದೆ. ಸೋಲಾರ್ ವಾಟರ್ ಹೀಟರ್ ದಕ್ಷಿಣದ ಪ್ಯಾರಾಪೆಟ್ಟಿಗೆ ಅಂಟಿಕೊಂಡಿದ್ದರೆ ಬಿಸಿನೀರು ಅತ್ಯಗತ್ಯವಾದ ತಿಂಗಳಲ್ಲೇ ಅದು ನೆರಳಿನಲ್ಲಿರುತ್ತದೆ. ಹೀಟರನ್ನು ಎಂಟಡಿ ಉತ್ತರಕ್ಕೆ ಸರಿಸಿದರೆ ತೊಂದರೆ ಬಹುಪಾಲು ತಪ್ಪುತ್ತದೆ. ಸರಿಸುವಾಗ ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲೇ ಇರಬೇಕು, ಬಿಸಿನೀರಿನ ಪೈಪಿಗೆ ಉದ್ದಕ್ಕೂ ಇನ್ಸುಲೇಷನ್ ಸುತ್ತಬೇಕು. ಈ ಖರ್ಚಿನಲ್ಲಿ ಪಾಲು ಕೊಡಿ ಎಂದು ಕೇಳಬಹುದು. ಅವರ ಮೆಟ್ಟಿಲಿನ ತಲೆಕೋಣೆಯನ್ನೂ ಅದರ ಮೇಲಿನ ನೀರಿನ ಟ್ಯಾಂಕನ್ನೂ ನಿಮ್ಮ ಕಡೆ ಬಿಟ್ಟು ಆಚೆ ಮೂಲೆಗೆ ಹಾಕಿಸಿ ಎಂದೂ ಕೇಳಬಹುದು. ನಕ್ಷೆಯ ಹಂತದಲ್ಲಿ ಅದು ಪೆನ್ಸಿಲಿನ ಕೆಲಸ. ನೆರೆಮನೆ ಉತ್ತರಕ್ಕಿದ್ದರೆ ಬಿಸಿಲಿನ ಚಿಂತೆ ಹೆಚ್ಚು ಬೇಡ. ಪೂರ್ವ, ಪಶ್ಚಿಮವಾದರೆ ಅರ್ಧ ದಿನದ ಬಿಸಿಲು ಕಡಿಮೆಯಾಗುತ್ತದೆ.

ಬೆಳಕಿಗೂ ಗಾಳಿಗೂ ಕಾನೂನಿನ ಹಕ್ಕು ಇದೆಯೇ? ಇದೆ, ಆದರೆ ಜನ ಅಂದುಕೊಂಡಷ್ಟು ಅಗಲವಾಗಿಲ್ಲ. ಈಸ್‌ಮೆಂಟ್ಸ್ (ಅನುಭೋಗದ ಹಕ್ಕುಗಳ) ಕಾಯ್ದೆ 1882ರ 15ನೇ ಕಲಂ ಪ್ರಕಾರ 20 ವರ್ಷ ಅಡೆತಡೆಯಿಲ್ಲದೆ, ಶಾಂತವಾಗಿ ಒಂದು ಕಿಟಕಿಯ ಮೂಲಕ ಬೆಳಕು-ಗಾಳಿ ಪಡೆದುಕೊಂಡು ಬಂದಿದ್ದರೆ ಆ ಹಕ್ಕು ಗಟ್ಟಿಯಾಗುತ್ತದೆ. ಅಡ್ಡಿ ಬಂದದ್ದು ಗೊತ್ತಾಗಿಯೂ ಒಂದು ವರ್ಷ ಸುಮ್ಮನೆ ಒಪ್ಪಿಕೊಂಡು ಕೂತರೆ ಆ ಅನುಭೋಗ ತುಂಡಾದಂತೆ. ಹಕ್ಕಿದ್ದರೂ 33ನೇ ಕಲಂ ಪ್ರಕಾರ ಗಣನೀಯ ಹಾನಿ ತೋರಿಸಬೇಕು, ‘ಮೊದಲಿನಷ್ಟು ಬೆಳಕಿಲ್ಲ’ ಎಂದರೆ ಸಾಲದು. ತಾರಸಿಯ ಬಿಸಿಲಿಗಾಗಲಿ, ಕಿಟಕಿಯಿಂದ ಕಾಣುತ್ತಿದ್ದ ಬೆಟ್ಟದ ನೋಟಕ್ಕಾಗಲಿ ಈ ರಕ್ಷಣೆ ಇಲ್ಲ. ಖಾಸಗಿತನದ ಬಗ್ಗೆ ಅದೇ ಕಾಯ್ದೆಯ 18ನೇ ಕಲಂನಲ್ಲಿ ಊರಿನ ರೂಢಿಯಿಂದ ಬರುವ ಹಕ್ಕಿನ ಉದಾಹರಣೆ ಇದೆ, ಆದರೆ ಅಂಥ ರೂಢಿ ಇತ್ತು ಎಂದು ರುಜುವಾತು ಮಾಡಬೇಕು. ಅದಕ್ಕಿಂತ ನಿಮ್ಮ ಬಚ್ಚಲು, ಮಲಗುವ ಕೋಣೆಗೆ ಎದುರಾಗುವ ಅವರ ಕಿಟಕಿಯನ್ನು ನೆಲದಿಂದ ಐದೂವರೆ ಅಡಿ ಮೇಲೆ ವೆಂಟಿಲೇಟರ್ ಮಾಡಿಸಿ, ಇಲ್ಲವೇ ಮಬ್ಬುಗಾಜು ಹಾಕಿಸಿ ಎಂದು ಕೇಳುವುದು ಬೇಗ ಆಗುವ ಕೆಲಸ. ಹೆಣ್ಣುಮಕ್ಕಳಿರುವ ಮನೆ ಎರಡೂ ಕಡೆ ಇದ್ದಾಗ ಈ ಮಾತಿಗೆ ಯಾರೂ ಎದುರು ಹೇಳುವುದಿಲ್ಲ.

ಮಳೆನೀರಿನ ಲೆಕ್ಕವನ್ನೂ ಕೇಳಬೇಕು. 900 ಚದರಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಮೇಲ್ಜಾಗದ ನೀರು ಸ್ವಾಭಾವಿಕವಾಗಿ ತಗ್ಗಿಗೆ ಹರಿಯುವುದನ್ನು ತಡೆಯುವಂತಿಲ್ಲ, ಆದರೆ ತಾರಸಿಯಲ್ಲಿ ಕೂಡಿಸಿದ ನೀರನ್ನು ಪೈಪಿನಲ್ಲಿ ತಂದು ಪಕ್ಕದವರ ಪಾಯದ ಬುಡಕ್ಕೆ ಬಿಡುವುದು ಸ್ವಾಭಾವಿಕ ಹರಿವಲ್ಲ. ಪೈಪುಗಳು ರಸ್ತೆ ಕಡೆಗೋ ಅವರ ಸಂಪಿಗೋ ಇಳಿಯಬೇಕು. ಸಜ್ಜಾದ ಅಂಚು ಗಡಿ ದಾಟಬಾರದು, ಸಜ್ಜಾದಿಂದ ತೊಟ್ಟಿಕ್ಕುವ ನೀರೂ ಗಡಿಯೊಳಗೇ ಬೀಳಬೇಕು. ಬೆಸ್ಕಾಂ ಲೈನು ಹತ್ತಿರವಿದ್ದರೆ ಹೊಸ ಬಾಲ್ಕನಿಗೂ ತಂತಿಗೂ ಪಕ್ಕದ ಅಂತರ ಕನಿಷ್ಠ 1.2 ಮೀಟರ್ ಇರಬೇಕು. ಸೆಂಟ್ರಿಂಗ್ ಕಂಬಿ ತಂತಿಗೆ ತಾಗಿ ಹೋದ ಜೀವ ಮತ್ತೆ ಬರುವುದಿಲ್ಲ, ಆದ್ದರಿಂದ ಇದನ್ನು ಸಂಕೋಚವಿಲ್ಲದೆ ಹೇಳಿಬಿಡಿ.

ಮಾತು ಒಪ್ಪಿಗೆಯಾದರೆ ಬರವಣಿಗೆಯಲ್ಲಿರಲಿ. ಕೆಲಸ ಶುರುವಾಗುವ ಮುಂಚೆ ನಿಮ್ಮ ಮನೆಯ ಒಳಗೂ ಹೊರಗೂ ಪ್ರತಿ ಗೋಡೆ, ಮೂಲೆ, ಬಾಗಿಲ ಚೌಕಟ್ಟಿನ ಮೇಲ್ಭಾಗ, ಟೈಲ್ಸ್ ಎಲ್ಲದರ ಫೋಟೋ ತೆಗೆಯಿರಿ. ಈಗಾಗಲೇ ಇರುವ ಬಿರುಕುಗಳ ಪಕ್ಕ ಸ್ಕೇಲು ಹಿಡಿದು ತೆಗೆಯಿರಿ, ಬಿರುಕಿನ ತುದಿಯಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯಿರಿ. ಹಳೇ ಬಿರುಕನ್ನು ಮುಚ್ಚಿಡಬೇಡಿ. ನೀವು ಪ್ರಾಮಾಣಿಕವಾಗಿ ತೋರಿಸಿದರೆ ಮುಂದೆ ಹೊಸ ಬಿರುಕಿನ ಬಗ್ಗೆ ಹೇಳಿದ್ದನ್ನು ಅವರು ನಂಬುತ್ತಾರೆ. ಆ ಫೋಟೋಗಳ ಒಂದು ಪ್ರತಿಗೆ ಇಬ್ಬರೂ ಸಹಿ ಹಾಕಿ, ಇ-ಸ್ಟಾಂಪ್ ಪೇಪರಿನಲ್ಲಿ ಗುಂಡಿ ತೋಡುವ ಕ್ರಮ, ಪೈಪು, ಕಿಟಕಿ, ಸಾರುವೆಯ ದಿನಗಳು, ಹಾನಿಯಾದರೆ ಯಾರು ಎಷ್ಟು ದಿನದೊಳಗೆ ಸರಿಮಾಡಿಸಬೇಕು ಎಂಬುದನ್ನು ಬರೆದುಕೊಂಡರೆ ಸಾಕು. ಒಂದು ಕಾಗದಕ್ಕೆ ಮಾತ್ರ ಸಹಿ ಹಾಕುವ ಮೊದಲು ನಿಂತು ಓದಿ. ‘ನಮ್ಮ ಅಭ್ಯಂತರವಿಲ್ಲ’ ಎಂಬ ಎರಡು ಸಾಲಿನ ಎನ್‌ಒಸಿ ಅದು. ಪಕ್ಕದವರ ಎನ್‌ಒಸಿಯಿಂದ ಸೆಟ್‌ಬ್ಯಾಕ್ ಉಲ್ಲಂಘನೆ ಸಕ್ರಮವಾಗುವುದಿಲ್ಲ, ನೀವು ಮುಂದೆ ಆಕ್ಷೇಪ ಎತ್ತಿದಾಗ ಮಾತ್ರ ಅದನ್ನೇ ನಿಮ್ಮ ಮುಂದೆ ಹಿಡಿಯುತ್ತಾರೆ. ‘ಮುಂದೆ ಅಕ್ರಮ-ಸಕ್ರಮದಲ್ಲಿ ಆಗುತ್ತೆ ಬಿಡಿ’ ಎಂದು ಸಮಾಧಾನ ಹೇಳುವವರಿಗೆ, ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟದ್ದನ್ನು ನೆನಪಿಸಿ.

ಮಾತಿಗೆ ಬಗ್ಗದವರೂ ಇದ್ದಾರೆ. ಆಗ ತಡಮಾಡಬೇಡಿ. ಪಾಲಿಕೆ ಆಯುಕ್ತರಿಗೆ ಒಂದೇ ಪುಟದ ಅರ್ಜಿ, ನಗರ ಯೋಜನಾ ವಿಭಾಗಕ್ಕೆ ಪ್ರತಿ. ಅದರಲ್ಲಿ ಸಂಕಟ ತೋಡಿಕೊಳ್ಳುವುದಕ್ಕಿಂತ ಅಳತೆ ಬರೆಯಿರಿ: ಪರವಾನಗಿಯೇ ಇಲ್ಲವೋ, ಇದ್ದು ಮೀರಿದ್ದಾರೋ, ಎಲ್ಲಿ ಎಷ್ಟು ಬಿಡಬೇಕಿತ್ತು, ಎಷ್ಟು ಬಿಟ್ಟಿದ್ದಾರೆ. ದಿನಾಂಕವಿರುವ ಫೋಟೋ ಲಗತ್ತಿಸಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಪಾಲಿಕೆಗೆ ಪೌರ ನಿಗಮಗಳ ಕಾಯ್ದೆಯ 321ನೇ ಕಲಂ ಅಡಿ ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸು, ಆಮೇಲೆ ದೃಢೀಕರಣ ಆದೇಶ ಹೊರಡಿಸುವ ಅಧಿಕಾರವಿದೆ. ನಕ್ಷೆಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ನಮೂನೆ-ಎ ತುಂಬಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬ ನಿಯಮವಿದೆ. ಉತ್ತರಕ್ಕೆ 30 ದಿನ ಹಿಡಿಯಬಹುದು, ಅಷ್ಟರಲ್ಲಿ ಅವರ ತಾರಸಿಯ ಕಾಂಕ್ರೀಟ್ (ಮೋಲ್ಡ್) ಬಿದ್ದಿರುತ್ತದೆ. ಅದಕ್ಕೇ ಈ ಅರ್ಜಿ ಗೋಡೆ ಗುರುತು ಹಾಕುವ ಹೊತ್ತಿಗೇ ಹೋಗಬೇಕು.

ಕೋರ್ಟಿಗೆ ಹೋಗಬೇಕಾಗಿ ಬಂದರೆ ಸಿವಿಲ್ ನ್ಯಾಯಾಲಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 39ರ ಅಡಿ ತಾತ್ಕಾಲಿಕ ತಡೆಯಾಜ್ಞೆ ಕೇಳುತ್ತಾರೆ. ಜೊತೆಗೆ ಆದೇಶ 26, ನಿಯಮ 9ರ ಅಡಿ ಕೋರ್ಟ್ ಕಮಿಷನರನ್ನು ಸ್ಥಳಕ್ಕೆ ಕಳಿಸಿ ಅಳತೆ ತೆಗೆಸಿ ಎಂದು ಕೇಳುವುದು ಬಹಳ ಮುಖ್ಯ, ಅದೂ ಗುಂಡಿ ತೆರೆದಿರುವಾಗಲೇ. ಕಟ್ಟುವವರು ಮುಂಚಿತವಾಗಿ ಕೇವಿಯಟ್ (ನಮಗೆ ತಿಳಿಸದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿದ್ದರೆ 90 ದಿನದವರೆಗೆ ಅವರ ಮಾತು ಕೇಳದೆ ತಡೆ ಸಿಗುವುದಿಲ್ಲ. ಕಟ್ಟಿದ್ದನ್ನು ಕೆಡವಿಸುವ ಆದೇಶ ಬೇಕಾದರೆ ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 39ನೇ ಕಲಂ ಇದೆ, ಆದರೆ ಕಣ್ಣೆದುರು ಮನೆ ಏಳುವಾಗ ಸುಮ್ಮನಿದ್ದವರಿಗೆ ಅದು ಸುಲಭವಾಗಿ ಸಿಗುವುದಿಲ್ಲ. ದಾವೆ ಹೂಡುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿಗೆ ಪ್ರಯತ್ನಿಸುವುದು ಒಳ್ಳೆಯದು. ಹೊರಗಿನವರೊಬ್ಬರು ನಡುವೆ ಕೂತಾಗ ಇಬ್ಬರೂ ದನಿ ತಗ್ಗಿಸುತ್ತಾರೆ, ಕಾಸೂ ಖರ್ಚಾಗುವುದಿಲ್ಲ.

ಕೆಲಸ ನಡೆಯುವಾಗ ವಾರಕ್ಕೊಮ್ಮೆ ಪೆನ್ಸಿಲ್ ಗೆರೆಗಳನ್ನು ನೋಡುತ್ತಿರಿ. ಬಿರುಕು ಗೆರೆ ದಾಟಿ ಬೆಳೆದಿದ್ದರೆ ಅಂದೇ ಫೋಟೋ ತೆಗೆದು ಯಜಮಾನರಿಗೆ ತೋರಿಸಿ. ಪ್ಲಾಸ್ಟರಿಂಗ್‌ನಲ್ಲಿ ಕೂದಲೆಳೆಯಷ್ಟು ಗೆರೆ ಬಂದರೆ ಗಾಬರಿ ಬೇಡ. ಗೋಡೆಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ದಿನೇದಿನೇ ಅಗಲವಾಗುವ ಬಿರುಕು ಪಾಯ ಕುಸಿಯುತ್ತಿರುವ ಲಕ್ಷಣ. ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದೂ ಅದೇ. ಆಗ ಕೆಲಸ ನಿಲ್ಲಿಸಿ, ಗುಂಡಿಗೆ ತಕ್ಷಣ ಮಣ್ಣು ತುಂಬಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು. ಮಹಡಿಯ ಸೆಂಟ್ರಿಂಗ್ ಬಿಚ್ಚುವ ದಿನ ನಿಮ್ಮ ಸೋಲಾರ್ ಟ್ಯೂಬುಗಳ ಮೇಲೆ ಪ್ಲೈವುಡ್ ಹಾಕಿಸಿ, ಗಾಜು ಒಡೆಯುವುದು ಹೆಚ್ಚಾಗಿ ಅಂದೇ. ಸಣ್ಣಪುಟ್ಟ ಬಿರುಕುಗಳ ರಿಪೇರಿಗೆ ಅವರು ಗೃಹಪ್ರವೇಶಕ್ಕೆ ಮುಂಚೆಯೇ ಆಳು ಕಳಿಸುತ್ತೇವೆ ಎನ್ನುತ್ತಾರೆ. ಅವಸರ ಬೇಡ ಎನ್ನಿ. ಹೊಸ ಭಾರ ಕೂತು, ಒಂದು ಉತ್ತರೆ-ಹಸ್ತ ಮಳೆ ಕಳೆದು, ಮಣ್ಣು ನೆನೆದು ಒಣಗಿದ ಮೇಲೆ ಬಿರುಕು ಅಲ್ಲಿಗೇ ನಿಂತಿದೆಯೇ ಎಂದು ಅಳೆದು ನೋಡಿ, ಆಮೇಲೆ ಬಿರುಕನ್ನು ವಿ ಆಕಾರದಲ್ಲಿ ಕೊರೆದು ತುಂಬಿಸಿ ಪುಟ್ಟಿ, ಪೇಂಟ್ ಮಾಡಿಸಬೇಕು. ಅದಕ್ಕೆ ಮೊದಲು ಹಾಕಿದ ಪುಟ್ಟಿ ಮುಂದಿನ ಮಳೆಗಾಲಕ್ಕೆ ಮತ್ತೆ ಬಾಯಿ ಬಿಡುತ್ತದೆ. ರಿಪೇರಿಯ ದುಡ್ಡನ್ನು ಅಷ್ಟು ದಿನ ಯಾರ ಹತ್ತಿರ ಇಟ್ಟಿರಬೇಕು ಎಂಬುದನ್ನೂ ಆ ಸ್ಟಾಂಪ್ ಪೇಪರಿನಲ್ಲೇ ಬರೆದುಕೊಂಡಿರಬೇಕು.